ಮೋಟಾರಿನ ಛತ್ತು

ನನ್ನ ಮದುವೆ ಒಂದು ತುಂಡು ಬಟ್ಟೆಯ ಮೇಲೆ ನಿಂತಿತ್ತು ಎಂದರೆ ಕೇಳಿದವರು ಸೀರೆಯ ಜಗಳವೇನೋ ಅಂದುಕೊಳ್ಳುತ್ತಾರೆ. ಮೋಟಾರಿನ ಒಳಗೆ, ತಲೆಯ ಮೇಲೆ, ತಗಡು ಕಾಣದ ಹಾಗೆ ಬಿಗಿದಿರುತ್ತದಲ್ಲ, ಆ ಬಟ್ಟೆ. ನಾವು ಅದಕ್ಕೆ ಛತ್ತು ಎನ್ನುತ್ತಿದ್ದೆವು. ನಾವು ಅಂದರೆ ನಾನು. ಭಾಲ್ಕಿಯಲ್ಲಿ ಬೇರೆ ಯಾರಿಗೂ ಆ ಬಟ್ಟೆಗೊಂದು ಹೆಸರು ಬೇಕಾಗಿರಲಿಲ್ಲ, ಯಾಕೆಂದರೆ ಅದು ಜೋತುಬಿದ್ದು ಹಣೆಗೆ ಬಡಿಯುವ ಮೋಟಾರು ಊರಿನಲ್ಲಿ ನನ್ನದೊಂದೇ.

ಆ ಮೋಟಾರು ನಾನು ಗೆದ್ದು ತಂದದ್ದೇನೂ ಅಲ್ಲ. ನನ್ನ ಸೋದರಮಾವ ಬೀದರಿನಲ್ಲಿ ಒಬ್ಬ ಜಾಗೀರದಾರರ ಡ್ರೈವರ್ ಆಗಿದ್ದ. ಪೊಲೀಸ್ ಆಕ್ಷನ್ ಆಯಿತು, ನಿಜಾಮರ ರಾಜ್ಯ ಬಿತ್ತು, ಆಮೇಲೆ ಜಾಗೀರೂ ಹೋಯಿತು. ಜಾಗೀರದಾರರು ಮನೆಮಂದಿಯನ್ನೆಲ್ಲ ಕರೆದುಕೊಂಡು ಹೈದರಾಬಾದಿನ ರೈಲು ಹತ್ತಿದರು. ಹೋಗುವಾಗ ಮಾವನ ಕೈಗೆ ಚಾವಿ ಇಟ್ಟು, ಇದನ್ನು ನೀನೇ ನೋಡಿಕೋ ಎಂದರಂತೆ. ಮಾವನಿಗೆ ಆಗಲೇ ಕಣ್ಣು ಮಂಜು. ಅವನು ಚಾವಿಯನ್ನು ನನ್ನ ಕೈಗೆ ಇಟ್ಟು, ಇದನ್ನು ನೀನು ನೋಡಿಕೋ ಎಂದ. ನಾನು ನೋಡಿಕೊಂಡೆ. ಭಾಲ್ಕಿ ಸ್ಟೇಶನ್ನಿಗೆ ಬಂದಿಳಿದವರನ್ನು ಹಳ್ಳಿಗಳಿಗೆ ಬಿಟ್ಟು ಬರುವ ಕೆಲಸಕ್ಕೆ ಅದನ್ನು ಹಚ್ಚಿದೆ. ಜಾಗೀರದಾರರ ಬೇಗಮ್ಮರು ಕೂತ ಸೀಟಿನಲ್ಲಿ ತೊಗರಿ ಚೀಲಗಳು ಕೂತವು.

ನನ್ನ ಠೀವಿಯನ್ನು ಹೇಳದೆ ಮುಂದೆ ಹೋದರೆ ಈ ಕಥೆ ಅರ್ಥವಾಗುವುದಿಲ್ಲ. ನಾನು ಓದಿದ್ದು ನಿಜಾಮರ ಕಾಲದ ಸಾಲೆಯಲ್ಲಿ, ಎಲ್ಲಾ ಉರ್ದು. ಮನೆಯಲ್ಲಿ ಕನ್ನಡ ಮಾತಾಡುತ್ತಿದ್ದೆ, ಆದರೆ ಬರೆಯಲು ಕನ್ನಡದ ಒಂದಕ್ಷರವೂ ಬರುತ್ತಿರಲಿಲ್ಲ. ಇದಕ್ಕೆ ನಾಚಿಕೊಳ್ಳಬೇಕಿತ್ತು. ನಾನು ಅದನ್ನೇ ಬಿರುದಿನಂತೆ ಹೊತ್ತು ತಿರುಗುತ್ತಿದ್ದೆ. ಕದ ಎನ್ನುವಲ್ಲಿ ದರವಾಜಾ, ಕಿಟಕಿ ಎನ್ನುವಲ್ಲಿ ದರೀಚಾ, ಹಸಿವೆಯಾದರೂ ಭೂಕ್ ಆಗಬೇಕು ನನಗೆ. ಉರ್ದುವಿನ ದರ್ಬಾರು ಆಗಲೇ ಇಳಿದಿತ್ತು, ಕಚೇರಿಗಳಲ್ಲಿ ಹೊಸ ಬೋರ್ಡು ಬರೆಯುತ್ತಿದ್ದರು. ಎಲ್ಲರೂ ಆ ಶೇರವಾನಿ ಬಿಚ್ಚಿ ಗೂಟಕ್ಕೆ ಹಾಕುತ್ತಿದ್ದ ಹೊತ್ತಿಗೆ ನಾನು ತೊಟ್ಟುಕೊಂಡು ಹೊರಟಿದ್ದೆ. ನನ್ನ ಅವ್ವ ಮಾತ್ರ, ಊಟಕ್ಕೆ ಬಾ ಅಂತ ಯಾವ ಭಾಷೆಯಲ್ಲಿ ಕರೆದರೂ ನೀನು ಬರ್ತೀಯಲ್ಲ, ಅಷ್ಟು ಸಾಕು ಎನ್ನುತ್ತಿದ್ದಳು.

ಆ ವರ್ಷ ಸಂತಪುರದಿಂದ ಒಂದು ಹೆಣ್ಣಿನ ಸುದ್ದಿ ಬಂತು. ಔರಾದ ಕಡೆಯ ದಾರಿಯಲ್ಲಿ, ಮಾಂಜ್ರಾ ದಾಟಿ ಹೋಗಬೇಕು. ಹುಡುಗಿಗೆ ತಂದೆ ಇಲ್ಲ, ಅಜ್ಜನೇ ಯಜಮಾನ ಎಂದು ಹೇಳಿದ್ದರು. ತಂದೆ ಇಲ್ಲ ಎಂದರೆ ಏನು ಎಂದು ನಾವು ಕೇಳಲಿಲ್ಲ. ಪೊಲೀಸ್ ಆಕ್ಷನ್ನಿನ ಆ ಗಲಾಟೆಯ ವರ್ಷದ ನಂತರ ನಮ್ಮ ಕಡೆ ಹಾಗೆ ಕೇಳುವುದನ್ನು ಎಲ್ಲರೂ ಬಿಟ್ಟಿದ್ದರು. ಅವ್ವನನ್ನು ಹಿಂದೆ ಕೂರಿಸಿಕೊಂಡು ನಾನು ಮೋಟಾರಿನಲ್ಲೇ ಹೋದೆ. ಬಸ್ಸಿನಲ್ಲಿ ಹೋಗೋಣ, ನೆಟ್ಟಗೆ ತಲುಪುತ್ತೇವೆ ಎಂದು ಅವ್ವ ಬಡಿದುಕೊಂಡಳು. ಮೋಟಾರು ಇದ್ದವನು ಬಸ್ಸಿನಲ್ಲಿ ಹೆಣ್ಣು ನೋಡಲು ಹೋಗುವುದೇ?

ಛತ್ತು ಆಗಲೇ ಸಡಿಲವಾಗಿತ್ತು. ಅದರ ಕಟ್ಟಣೆ ಹೀಗೆ: ಮಾಡಿನ ಅಡಿಯಲ್ಲಿ ಕಬ್ಬಿಣದ ತೆಳು ಕಮಾನುಗಳು, ಬಟ್ಟೆಯ ಬೆನ್ನಿಗೆ ಹೊಲಿದ, ಲಾಡಿ ತೂರಿಸುವಂಥ ಸೆರೆಗಳಲ್ಲಿ ಆ ಕಮಾನು ತೂರಿರುತ್ತವೆ, ಅಂಚಿಗೆ ಸುತ್ತಲೂ ಸಣ್ಣ ಮೊಳೆ. ಕಮಾನು ತುಕ್ಕು ಹಿಡಿದು ಮುರಿದಿದ್ದವು, ಹೊಲಿಗೆ ಕೊಳೆತಿತ್ತು. ನಡುವೆ ಬಟ್ಟೆ ಎಮ್ಮೆಯ ಕೆಚ್ಚಲಿನಂತೆ ಇಳಿಬಿದ್ದಿತ್ತು. ನಾನು ಅದಕ್ಕೆ ಅಲ್ಲಲ್ಲಿ ಜಾಲಿ ಮುಳ್ಳು ಚುಚ್ಚಿ ನಿಲ್ಲಿಸಿದ್ದೆ. ಸೂಜಿಗಿಂತ ಮುಳ್ಳು ಗಟ್ಟಿ ಎಂದು ನನ್ನದೇ ಒಂದು ಶೋಧ.

ಸಂತಪುರದಲ್ಲಿ ಉಪಚಾರ ಚೆನ್ನಾಗಿಯೇ ಆಯಿತು. ಹುಡುಗಿ ತಲೆ ತಗ್ಗಿಸಿ ಬಂದಳು, ಕೂತಳು, ಹೋದಳು. ಮುಖ ಸರಿಯಾಗಿ ಕಾಣಲೂ ಇಲ್ಲ. ಅಷ್ಟಕ್ಕೇ ಮುಗಿಸಿ ಬಂದಿದ್ದರೆ ಚೆನ್ನಿತ್ತು. ನನ್ನ ತಲೆಯಲ್ಲಿ ಹುಳು. ಅಜ್ಜಾರಿಗೆ ಮೋಟಾರಿನಲ್ಲಿ ಊರೊಂದು ಸುತ್ತು ಹಾಕಿಸುತ್ತೇನೆ ಎಂದೆ. ಅಜ್ಜ ಆರಡಿ ಆಳು, ತಲೆಗೆ ಬುಟ್ಟಿಯಷ್ಟು ರುಮಾಲು, ಕೊರಳಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಲಿಂಗ. ಆತ ಬಗ್ಗಿ ಒಳಗೆ ಕೂತು ತಲೆ ಎತ್ತಿದ್ದೇ ತಡ, ರುಮಾಲು ಛತ್ತಿಗೆ ತಾಗಿ ನನ್ನ ಮುಳ್ಳುಗಳೆಲ್ಲ ಕಳಚಿದವು. ಇಡೀ ಬಟ್ಟೆ ಆತನ ಮೇಲೆ ಕುಸಿಯಿತು. ಬಟ್ಟೆಯ ಜೊತೆಗೆ ಜಾಗೀರದಾರರ ಕಾಲದ ಧೂಳು, ಸತ್ತ ಕಣಜಗಳು, ಇಲಿಯ ಹಿಕ್ಕೆ, ಎಲ್ಲಾ ಬಿತ್ತು. ಒಂದು ಮುಳ್ಳು ರುಮಾಲಿನ ತುದಿಗೆ ತುರಾಯಿಯಂತೆ ಸಿಕ್ಕಿಕೊಂಡಿತು.

ಆಗ ಮನೆಯ ಬಾಗಿಲ ಹಿಂದಿನಿಂದ ಒಂದು ನಗು ಕೇಳಿತು. ಬಾಯಿಗೆ ಸೆರಗು ಅಡ್ಡ ಹಿಡಿದರೂ ಹಿಡಿತಕ್ಕೆ ಸಿಗದೆ ಹೊರಗೆ ಬಂದ ನಗು. ನಾನು ತಿರುಗಿ ನೋಡಿದೆ. ಈಗ ಮುಖ ಕಂಡಿತು. ಮದುವೆ ಎಂದು ಆದರೆ ಈಕೆಯನ್ನೇ ಎಂದು ನಾನು ಅಲ್ಲಿಯೇ, ಕಣಜಗಳನ್ನು ಆರಿಸುತ್ತ, ನಿಶ್ಚಯ ಮಾಡಿಬಿಟ್ಟೆ.

ಅಜ್ಜ ಇಳಿದು, ರುಮಾಲು ಝಾಡಿಸಿ, ಶಾಂತವಾಗಿ ಹೇಳಿದ. "ಮೊದಲ ನಿಮ್ಮ ಗಾಡಿದು ಮಾಳಗಿ ಭದ್ರ ಮಾಡ್ರಿ. ತಲಿ ಮ್ಯಾಲಿಂದೇ ನಿಲ್ಲಂಗಿಲ್ಲ ಅಂದ್ರ ಅದರ ಕೆಳಗ ನಮ್ಮ ಹುಡುಗಿನ್ನ ಹ್ಯಾಂಗ ಕುಂದರಸ್ಲಿರಿ?" ಬರುವ ಸೋಮವಾರ ಮೋಟಾರು ತಂದು ತೋರಿಸಿ, ಆಮೇಲೆ ಮುಂದಿನ ಮಾತು ಎಂದ. ಠಾಣಾ ಕುಶನೂರಿನ ಕಡೆಯವರೂ ಬಂದು ಹೆಣ್ಣು ನೋಡಿ ಹೋಗಿದ್ದಾರೆ, ಅವರಿಗೆ ಕಪ್ಪು ಹೊಲ ಬಹಳ ಇದೆ ಎಂಬುದನ್ನೂ ನಯವಾಗಿ ಕಿವಿಗೆ ಹಾಕಿದ. ಹೊಲಕ್ಕೆ ಛತ್ತು ಇರುವುದಿಲ್ಲವಲ್ಲ, ಕುಸಿಯುವ ಚಿಂತೆ ಇಲ್ಲ ಎಂದು ನಾನು ದಾರಿಯುದ್ದಕ್ಕೂ ಗೊಣಗಿದೆ.

ಮರುದಿನವೇ ಬೀದರಿಗೆ ಹೋದೆ. ಅಲ್ಲಿ ಟಾಂಗಾಗಳಿಗೆ ಮಾಡು ಹೊಲಿಯುವ ಒಬ್ಬ ಮುಸಲ್ಮಾನ ಕಾರೀಗರ ಇದ್ದ. ಬಾಯಿ ತುಂಬ ಮೊಳೆ ಇಟ್ಟುಕೊಂಡು, ಒಂದೊಂದೇ ತುಟಿಗೆ ತಂದು ಟಕ್ ಟಕ್ ಹೊಡೆಯುತ್ತಿದ್ದುದನ್ನು ಹಿಂದೆ ನಿಂತು ನೋಡಿದ್ದೆ. ಅಂಗಡಿಗೆ ಬೀಗ ಇತ್ತು. ಬೀಗದ ಮೇಲೆ ಜೇಡರ ಬಲೆ ಕಟ್ಟಿತ್ತು. ಗಲಾಟೆಯ ಹೊತ್ತಿನಲ್ಲಿ ಮನೆಮಂದಿ ಸಮೇತ ಹೋದವನು ಮತ್ತೆ ಬಂದಿಲ್ಲ, ಎಲ್ಲಿದ್ದಾನೋ ಗೊತ್ತಿಲ್ಲ ಎಂದು ಪಕ್ಕದವನು ಹೇಳಿದ. ಬೀಗದ ಮೇಲಿನ ಬಲೆಯನ್ನು ಬೆರಳಿನಿಂದ ಒರೆಸಿದೆ. ಆಮೇಲೆ, ಆತ ಮಾಡಿದ್ದನ್ನು ನೋಡಿದ್ದೇನಲ್ಲ, ನಾನೇ ಮಾಡಿದರಾಯಿತು ಎಂದುಕೊಂಡೆ. ನನ್ನ ಜೀವನದ ದೊಡ್ಡ ದೊಡ್ಡ ಫಜೀತಿಗಳೆಲ್ಲ ಈ ಒಂದು ವಾಕ್ಯದಿಂದಲೇ ಶುರುವಾಗಿವೆ.

ಸೋಮವಾರಕ್ಕೆ ಕೆಲಸ ಆಗುವ ಹಾಗಿರಲಿಲ್ಲ. ಅಮಾವಾಸ್ಯೆಯ ತನಕ ಸಮಯ ಕೇಳಬೇಕಿತ್ತು. ಅಜ್ಜನಿಗೆ ಉರ್ದು ಓದಲು ಬಾರದು, ನನಗೆ ಕನ್ನಡ ಬರೆಯಲು ಬಾರದು. ಬೀದರಿನ ಬಸ್ ಸ್ಟ್ಯಾಂಡಿನಲ್ಲಿ ಔರಾದಿನ ಬಸ್ಸು ನಿಂತಿತ್ತು. ಅದರ ಕಂಡಕ್ಟರನಿಗೆ ಬಾಯಿಮಾತಿನಲ್ಲೇ ಹೇಳಿ ಕಳಿಸಿದೆ. "ನಾವು ಛತ್ ಕಟ್ಲತ್ತೇವ, ಅಮಾಸಿ ತನಕ ಬರ್ಲಿಕ್ಕ ಆಗಂಗಿಲ್ಲ ಅಂತ ಸಂತಪುರದ ಅಜ್ಜಾರಿಗಿ ಹೇಳ್ರಿ."

ಮೋಟಾರಿನ ಒಳಗಿನ ಬಟ್ಟೆ ಹೊಲಿಯುತ್ತಿದ್ದೇವೆ ಅಂದಿದ್ದರೆ ಏನು ಹೋಗುತ್ತಿತ್ತು? ಮಾಳಿಗೆ ಅಂದಿದ್ದರೆ? ಮಾಳಗಿ ಎಂಬ ಶಬ್ದವನ್ನು ಅಜ್ಜನೇ ನನ್ನ ಬಾಯಿಗೆ ಇಟ್ಟಿದ್ದ. ಇಲ್ಲ, ನನಗೆ ಉರ್ದುವಿನ ಛತ್ತೇ ಆಗಬೇಕು. ಕಂಡಕ್ಟರ್ ಅಪ್ಪಟ ಕನ್ನಡದ ರೈತರ ಮಗ. ಆ ಕಡೆ ಬಸ್ಸಿನ ಎಂಜಿನ್ನು ಗುಡುಗುತ್ತಿತ್ತು. ಆತನ ಕಿವಿಗೆ ಬಿದ್ದದ್ದು ಚಟ್ಟ. ಹೆಣ ಹೊರುವ ಚಟ್ಟ. ಸಂತಪುರದಲ್ಲಿ ಬಸ್ಸು ನಿಂತಾಗ ಆತ ಇಳಿದು ಹೋಗಿ, ಟೋಪಿ ತೆಗೆದು, ಬಹಳ ಮರ್ಯಾದೆಯಿಂದ ಅಜ್ಜನಿಗೆ ಹೇಳಿದನಂತೆ: ಭಾಲ್ಕಿಯವರ ಮನ್ಯಾಗ ಚಟ್ಟ ಕಟ್ಲತ್ತಾರ್ರಿ, ಅಮಾಸಿ ತನಕ ಬರಂಗಿಲ್ಲ.

ಇದೊಂದೂ ಗೊತ್ತಿಲ್ಲದ ನಾನು ಭಾಲ್ಕಿಯ ಬಜಾರಿನಲ್ಲಿ ಸಾಮಾನು ಖರೀದಿಗೆ ನಿಂತಿದ್ದೆ. ಮುರಿದ ಕಮಾನುಗಳ ಬದಲಿಗೆ ಸೀಳಿದ ಬಿದಿರು. ಬಟ್ಟೆಗೆ ಅಗಲ ಪನ್ನದ ಬಿಳಿ ಕೋರಾ, ಇನ್ನೂ ತೊಳೆಯದ ಮಗ್ಗದ ಹತ್ತಿ ಬಟ್ಟೆ. ಬಿಗಿಯಲು ಸುತ್ಲಿ ಹಗ್ಗ. ಕೋರಾ ಹರಿದು ಕೊಡುವಾಗ ಬಟ್ಟೆ ಅಂಗಡಿಯ ಸಾವಕಾರ ನನ್ನ ಕಂಕುಳಲ್ಲಿದ್ದ ಬಿದಿರು, ಹಗ್ಗ ನೋಡಿ, ದನಿ ಇಳಿಸಿ, ಯಾರು ಹೋದರು ಎಂದು ಕೇಳಿದ. ಯಾರು ಹೋದರು ಅಂದರೆ ಸಂತಪುರಕ್ಕೆ ಯಾರ್ಯಾರು ಹೋಗಿದ್ದಿರಿ ಎಂದು ಕೇಳುತ್ತಿದ್ದಾನೆ ಅಂದುಕೊಂಡೆ. ಊರಿಗೆಲ್ಲ ನನ್ನ ಮಾನ ಹೋದ ಸುದ್ದಿ ಹಬ್ಬಿದೆ ಎಂದು ಸಿಟ್ಟು ಬಂತು. "ನಾನು, ನಮ್ಮವ್ವ" ಎಂದೆ. ಸಾವಕಾರನ ಬಾಯಿ ತೆರೆದೇ ಉಳಿಯಿತು. ಕೋರಾ ಕಿತ್ತುಕೊಂಡು, ಮುಖ ಗಂಟು ಹಾಕಿಕೊಂಡು ಬಂದುಬಿಟ್ಟೆ. ದುಃಖಕ್ಕೆ ಹುಡುಗನ ತಲೆ ಕೆಟ್ಟಿದೆ ಎಂದು ಆತ ತಿಳಿದನಂತೆ.

ಕೆಲಸ ಶುರುವಾಯಿತು. ಅವಸರದಲ್ಲಿ ಆಂಜನೇಯನನ್ನು ಮಾಡಲು ಹೋಗಿ ಮಂಗ್ಯಾ ಮಾಡಿದ ಎನ್ನುತ್ತಾರಲ್ಲ, ನನ್ನದು ಮಂಗ್ಯಾನೂ ಆಗಲಿಲ್ಲ. ಬಿದಿರಿನ ಸೀಳು ಬಗ್ಗಿಸಿ ಇಟ್ಟರೆ ಅದು ಚಿಮ್ಮಿ ನನ್ನ ಗಲ್ಲಕ್ಕೇ ಹೊಡೆಯಿತು. ಬಟ್ಟೆಯನ್ನು ಬಲಕ್ಕೆ ಬಿಗಿದರೆ ಎಡಕ್ಕೆ ನೆರಿಗೆ, ಎಡಕ್ಕೆ ಬಿಗಿದರೆ ಹಿಂದೆ ಗುಡಾರ. ಮೊಳೆಗಳಿಂದ ಆಗದು, ಅಂಟಿಸಿಯೇ ಬಿಡೋಣ ಎಂದು ಅವ್ವನಿಗೆ ಹೇಳದೆ ಜೋಳದ ಹಿಟ್ಟಿನ ಖಳಿ ಕಾಸಿದೆ. ಗಾಳಿಪಟ ಅಂಟಿಸುವವರು ಮಾಡುತ್ತಾರಲ್ಲ, ಹಾಗೆ, ಒಂದು ಕೊಡದಷ್ಟು. ಖಳಿ ಬಳಿದ ಬಟ್ಟೆ ರಾತ್ರಿ ಕಳೆಯುವುದರೊಳಗೆ ಇರುವೆಗಳ ಜಾತ್ರೆ. ಇರುವೆಯನ್ನು ಝಾಡಿಸಿ ಮತ್ತೆ ಬಳಿದೆ.

ಅದೇ ದಿನ ಮಧ್ಯಾಹ್ನ. ಮೋಟಾರು ಅಂಗಳದ ಬೇವಿನ ಕೆಳಗೆ ನಿಂತಿತ್ತು. ಸೀಟು ಕಿತ್ತಿಟ್ಟು, ನಾನು ಒಳಗೆ ಅಂಗಾತ ಮಲಗಿ, ಕಾಲುಗಳನ್ನು ಬಾಗಿಲಿಂದ ಹೊರಗೆ ಚಾಚಿ, ಬಾಯಿ ತುಂಬ ಮೊಳೆ ಹಿಡಿದಿದ್ದೆ, ಬೀದರಿನ ಆ ಕಾರೀಗರನ ಹಾಗೆಯೇ. ಎರಡು ಮೊಳೆ ಹೊಡೆಯುವಷ್ಟರಲ್ಲಿ ಒದ್ದೆ ಬಟ್ಟೆ ಇಡಿಯಾಗಿ ನನ್ನ ಮೇಲೆ ಬಿತ್ತು. ತಲೆಯಿಂದ ಮೊಣಕಾಲಿನ ತನಕ ಬಿಳಿ ಕೋರಾ ಅಂಟಿಕೊಂಡಿತು. ಹೊರಳಾಡಿದರೆ ಹರಿಯುತ್ತದೆ, ಕೂಗಿದರೆ ಮೊಳೆ ಗಂಟಲಿಗೆ ಇಳಿಯುತ್ತವೆ. ಏನು ಮಾಡುವುದೆಂದು ವಿಚಾರ ಮಾಡುತ್ತ ಅಲ್ಲಾಡದೆ ಮಲಗಿದ್ದೆ. ಅತ್ತ ಅವ್ವ ಹಿಟ್ಟಿನ ಡಬ್ಬಿ ಬರಿದಾದದ್ದನ್ನು ಆಗಷ್ಟೇ ನೋಡಿದ್ದಳು. "ನಿನ್ನ ಹೆಣಾ ಎತ್ತಲಿ! ಇನ್ನ ಯಾರಿಗಿ ರೊಟ್ಟಿ ಬಡೀಲೋ ನಾನು!" ಎಂದು ಎದೆ ಬಡಿದುಕೊಂಡು ಅಂಗಳಕ್ಕೆ ಬಂದಳು. ನಮ್ಮ ಕಡೆ ತಾಯಂದಿರು ಮಕ್ಕಳನ್ನು ಬಯ್ಯುವ ರೀತಿಯೇ ಅದು. ದಿನಕ್ಕೊಮ್ಮೆಯಾದರೂ ನನ್ನ ಹೆಣ ಎತ್ತದೆ ನನ್ನ ಅವ್ವನಿಗೆ ಊಟ ಸೇರುತ್ತಿರಲಿಲ್ಲ.

ಸರಿಯಾಗಿ ಆ ಗಳಿಗೆಗೆ ಸಂತಪುರದ ಅಜ್ಜ ಅಂಗಳದ ಬಾಗಿಲಿಗೆ ಬಂದ. ಬೆನ್ನ ಹಿಂದೆ ಮೊಮ್ಮಗಳು. ಬೀದರಿನ ತನಕ ಬಸ್ಸು, ಅಲ್ಲಿಂದ ಭಾಲ್ಕಿಗೆ ರೈಲು. ಬಜಾರಿನಲ್ಲಿ ಮನೆ ಯಾವುದೆಂದು ವಿಚಾರಿಸಿದಾಗ ಸಾವಕಾರ, ಕೋರಾ ತಾನೇ ಹರಿದುಕೊಟ್ಟೆನೆಂದೂ, ಬಿದಿರು ಹಗ್ಗ ಕಣ್ಣಾರೆ ಕಂಡೆನೆಂದೂ ಹೇಳಿ ಕಳಿಸಿದ್ದ. ಈಗ ಎದುರಿಗೆ ಬಿಳಿ ಬಟ್ಟೆ ಸುತ್ತಿದ ದೇಹ, ಎರಡು ಕಾಲು, ಎದೆ ಬಡಿದುಕೊಳ್ಳುವ ತಾಯಿ. ಇನ್ನೇನು ಬೇಕು?

ಆದರೆ ಅಜ್ಜ ಅಳಲು ಬಂದಿರಲಿಲ್ಲ. ಆತ ಬಂದದ್ದು ಬೇರೆ ತನಿಖೆಗೆ. ನಾವು ಲಿಂಗವಂತರು. ನಮ್ಮಲ್ಲಿ ಸತ್ತವರನ್ನು ಚಟ್ಟದ ಮೇಲೆ ಮಲಗಿಸುವುದಿಲ್ಲ, ಪಲ್ಲಕ್ಕಿಯಂಥ ವಿಮಾನ ಕಟ್ಟಿ, ಅದರಲ್ಲಿ ಕೂರಿಸಿ, ಭಜನೆಯೊಂದಿಗೆ ಒಯ್ದು ಕೂತ ಹಾಗೆಯೇ ಮಣ್ಣಿಗೆ ಇಡುತ್ತಾರೆ. ಭಾಲ್ಕಿಯವರ ಮನೆಯಲ್ಲಿ ಚಟ್ಟ ಎಂದೊಡನೆ ಅಜ್ಜನ ಎದೆಯಲ್ಲಿ ಎದ್ದ ಪ್ರಶ್ನೆ ಯಾರು ಸತ್ತರು ಎಂಬುದಲ್ಲವಂತೆ. ಇವರು ಯಾರು ಎಂಬುದು. ಲಿಂಗವಂತರೆಂದು ಹೇಳಿ ನಮ್ಮ ಹೆಣ್ಣು ಕೇಳಿದವರು ಚಟ್ಟ ಯಾಕೆ ಕಟ್ಟುತ್ತಾರೆ?

ಅಜ್ಜ ನೆಟ್ಟಗೆ ಮೋಟಾರಿಗೆ ಬಂದು, ಬಟ್ಟೆಯ ಅಂಚು ಹಿಡಿದು, ಪಚಪಚ ಎನ್ನುತ್ತ ಅದನ್ನು ನನ್ನ ಎದೆಯ ತನಕ ಸುಲಿದ. ಖಳಿ ಮೆತ್ತಿದ ಕಣ್ಣು ತೆರೆದಾಗ ನನಗೆ ಎರಡು ಮುಖ ಕಂಡವು. ಅಜ್ಜ ನನ್ನ ಕೊರಳು ನೋಡುತ್ತಿದ್ದ, ಲಿಂಗ ಇದೆಯೋ ಇಲ್ಲವೋ ಎಂದು. ಹುಡುಗಿ ನನ್ನ ಹೊಟ್ಟೆ ನೋಡುತ್ತಿದ್ದಳು, ಏರಿಳಿಯುತ್ತಿದೆಯೋ ಇಲ್ಲವೋ ಎಂದು.

ನಾನು ಎದ್ದು ಕೂತೆ. ಬಾಯಿಂದ ಮೊಳೆಗಳು ಪಟಪಟ ಉದುರಿದವು. ಹಲ್ಲು ಉದುರಿದವೆಂದು ತಿಳಿದು ಅಜ್ಜ ಎರಡು ಹೆಜ್ಜೆ ಹಿಂದೆ ಸರಿದ. ನನಗಂತೂ ಸಂತೋಷವೇ. ಕೆಲಸ ಹೇಗೆ ನಡೆದಿದೆ ನೋಡಲು ಬಂದಿದ್ದಾರೆ, ಅಂದರೆ ನನ್ನ ಮೇಲೆ ಮನಸ್ಸಿದೆ ಎಂದುಕೊಂಡೆ.

"ಚಟ್ಟ ಕಟ್ಲತ್ತೀರಿ ಅಂತ ಸುದ್ದಿ ಬಂತು" ಎಂದ ಅಜ್ಜ.

"ಹೌದ್ರಿ. ಇನ್ನ ಸ್ವಲ್ಪೇ ಉಳದದ." ನನ್ನ ಕಿವಿಯಲ್ಲೂ ಖಳಿ. ನನಗೆ ಅದು ಛತ್ ಎಂದೇ ಕೇಳಿತ್ತು.

"ಯಾರ ಸಲುವಾಗಿ?"

"ನಿಮ್ಮ ಸಲುವಾಗೇ ರೀ. ನೀವೇ ಹೇಳಿದ್ರಲ್ಲ. ಮುಗದ ಕೂಡ್ಲೇ ಮೊದಲ ನಿಮಗೇ ಕುಂದರ್ಸಿ ಊರ ತುಂಬ ಮೆರವಣಿಗಿ ತಗೀತೇನಿ."

ಅಜ್ಜನ ಮುಖ ನೀವು ನೋಡಬೇಕಿತ್ತು. ಕೈಯಲ್ಲಿದ್ದ ಕೋಲು ಮೇಲೆದ್ದಿತು. ಅವ್ವ ಅಡ್ಡ ಬಂದಳು. ನಾನು ಇನ್ನೂ ಹಲ್ಲು ಕಿರಿಯುತ್ತಲೇ ಕೂತಿದ್ದೆ, ಮೂರ್ಖ ಶಿಖಾಮಣಿ. ಆಗ ಹುಡುಗಿ ಮೋಟಾರಿನೊಳಗೆ ಬಗ್ಗಿ, ಮೇಲೆ ಬರಿ ತಗಡನ್ನೂ ಬಿದಿರಿನ ಕಮಾನನ್ನೂ ನೋಡಿದಳು. ಅವಳ ತುಟಿ ಅಲುಗಿತು. "ಅಜ್ಜಾ, ಚಟ್ಟ ಅಲ್ಲೋ. ಛತ್. ತುರಕ ಮಾತಿನ್ಯಾಗ ಮಾಳಗಿ" ಎಂದಳು. ಮತ್ತೆ ಅದೇ ನಗು ಬಂತು, ಈ ಸಲ ಸೆರಗು ಅಡ್ಡ ಹಿಡಿಯುವುದಕ್ಕೂ ಅವಳಿಗೆ ಆಗಲಿಲ್ಲ. ಮೋಟಾರಿನ ಬಾಗಿಲು ಹಿಡಿದು ನಕ್ಕಳು. ನಗುತ್ತ ನಗುತ್ತ ಅಲ್ಲಿಯೇ ಕುಕ್ಕರಿಸಿ, ಅಳಲು ಶುರು ಮಾಡಿದಳು.

ಅವ್ವ ಹೋಗಿ ಬೆನ್ನ ಮೇಲೆ ಕೈ ಇಟ್ಟಳು. ಮದುವೆಯಾಗದ ಹುಡುಗಿ ಗಂಡಿನ ಮನೆಯ ತನಕ ಯಾಕೆ ಬಂದಿದ್ದಾಳೆ ಎಂದು ಆ ತನಕ ಯಾರೂ ಕೇಳಿರಲಿಲ್ಲ. ಅವಳೇ ಹೇಳಿದಳು, ನನಗಲ್ಲ, ಅವ್ವನಿಗೆ.

"ನಮ್ಮಪ್ಪಂದೂ ಹಿಂಗೇ ಬಾಯಿ ಮಾತು ಬಂದಿತ್ರಿ. ಬೀದರ ದಾರ್ಯಾಗ ಹೋದ ಅಂತ. ಆ ದಿನದಾಗ ದಾರಿ ಚೊಲೋ ಇದ್ದಿದ್ದಿಲ್ಲ, ಯಾರೂ ಹೋಗಿ ನೋಡ್ಲಿಲ್ಲ. ಹೆಣಾನೂ ಸಿಗ್ಲಿಲ್ಲ. ನಮ್ಮವ್ವ ಇವತ್ತಿಗೂ ಕುಂಕುಮ ಹಚ್ಕೋಬೇಕೋ ಬ್ಯಾಡೋ ತಿಳೀದೆ ಕುಂತಾಳ. ಈ ಸಲ ನಾ ಕಣ್ಣೀಲೆ ನೋಡೇ ಬರ್ತೇನಿ ಅಂದೇನ್ರಿ."

ನನಗೆ ಆಗ ಮೈಮೇಲಿನ ಖಳಿಗಿಂತ ಹೆಚ್ಚು ನಾಚಿಕೆ ಅಂಟಿಕೊಂಡಿತು. ನಾನು ಶೋಕಿಗೆ ಎಸೆದ ಒಂದು ಶಬ್ದ ಆ ಮನೆಯ ಹೊಸ್ತಿಲಿಗೆ ಹೇಗೆ ಬಿದ್ದಿರಬೇಕು? ಅಜ್ಜ ಕೋಲು ಕೆಳಗಿಟ್ಟು ಬೇವಿನ ಕಟ್ಟೆಗೆ ಕೂತ. ಅವ್ವ ಒಳಗಿನಿಂದ ನೀರು ತಂದು ಕೊಟ್ಟಳು. ಹಿಟ್ಟು ಇರಲಿಲ್ಲ, ಪಕ್ಕದ ಮನೆಯಿಂದ ಕಡ ತಂದು ರೊಟ್ಟಿ ಬಡಿದಳು. ಊಟ ಮಾಡುವ ತನಕ ಯಾರೂ ಮದುವೆಯ ಮಾತು ಎತ್ತಲಿಲ್ಲ. ಎಲ್ಲಾ ಮುಗಿಯಿತು, ಠಾಣಾ ಕುಶನೂರಿನ ಹೊಲವೇ ಗೆದ್ದಿತು ಎಂದು ನಾನು ರೊಟ್ಟಿಯನ್ನು ಸಣ್ಣ ಸಣ್ಣ ಚೂರು ಮಾಡುತ್ತ ಕೂತಿದ್ದೆ.

ಊಟವಾದ ಮೇಲೆ ಅಜ್ಜ ಎದ್ದು, ಹೊರಡೋಣ ಎನ್ನುವ ಬದಲು, ಖಳಿ ತೊಳೆದು ಬಾ ಎಂದು ನನಗೆ ಹೇಳಿದ. ಆತನಿಗೆ ಜೋಳದ ಚೀಲ ಹೊಲಿದು ಗೊತ್ತು. ಎರಡು ಕಡೆಯಿಂದ ಇಬ್ಬರು ಬಟ್ಟೆ ಹಿಡಿದು ಜಗ್ಗಬೇಕು, ಒಬ್ಬನ ಕೆಲಸವಲ್ಲ ಇದು ಎಂದ. ಆತ ಒಂದು ಕಡೆ ಹಿಡಿದ, ನಾನು ಒಂದು ಕಡೆ. ಹುಡುಗಿ ದಬ್ಬಣ ಹಿಡಿದು ಸೆರೆಗಳನ್ನು ಹೊಲಿದಳು. ಅವ್ವ ಮೊಳೆಗಳನ್ನು ಒಂದೊಂದಾಗಿ ಕೈಗೆ ಕೊಟ್ಟಳು, ಬಾಯಿಗೆ ಹಾಕಿಕೊಂಡರೆ ಹಲ್ಲು ಮುರಿಯುತ್ತೇನೆ ಎಂದಳು. ಹೊತ್ತು ಇಳಿಯುವ ಮೊದಲು ಛತ್ತು ಎದ್ದು ನಿಂತಿತು. ಅಂದವಾಗಿರಲಿಲ್ಲ. ಒಂದು ಮೂಲೆಯಲ್ಲಿ ನೆರಿಗೆ ಹಾಗೆಯೇ ಉಳಿಯಿತು. ಅಜ್ಜ ರುಮಾಲು ಸಮೇತ ಒಳಗೆ ಕೂತು, ತಲೆ ಎತ್ತಿ ಇಳಿಸಿ ನೋಡಿದ. ಏನೂ ಬೀಳಲಿಲ್ಲ.

"ಮಾಳಗಿ ನಿಂತದ" ಎಂದ. "ಇನ್ನ ಮುಂದಿಂದು ಆಕಿಗೇ ಕೇಳ್ರಿ."

ಅವಳನ್ನು ಕೇಳುವುದು ಯಾರು? ಅವ್ವನೇ ಕೇಳಿದಳು. ಹುಡುಗಿ ದಬ್ಬಣಕ್ಕೆ ದಾರ ಸುತ್ತುತ್ತ, ನನ್ನ ಕಡೆ ನೋಡದೆಯೇ ಹೇಳಿದಳು. "ಇನ್ನ ಮುಂದ ಬಾಯಿ ಮಾತು ಕಳಸ್ಬಾರದ್ರಿ. ಎಲ್ಲಿ ಹೋದರೂ ಬರದು ಕಳಸ್ಬೇಕು. ಬರೀಲಿಕ್ಕ ಬರ್ಲಿಲ್ಲಂದ್ರ ನಾ ಕಲಸ್ತೇನಿ." ಮಠದ ಅಯ್ಯನವರ ಹತ್ತಿರ ಪಾಟಿಯ ಮೇಲೆ ತಿದ್ದಿ ಕಲಿತಿದ್ದಳಂತೆ. ಹುಚ್ಚು ಬಿಡೋ ತನಕ ಮದುವೆ ಆಗೋದಿಲ್ಲ, ಮದುವೆ ಆಗೋ ತನಕ ಹುಚ್ಚು ಬಿಡೋದಿಲ್ಲ ಎಂಬ ಗಾದೆ ನನ್ನ ಮಟ್ಟಿಗೆ ಅಂದು ಸುಳ್ಳಾಯಿತು. ಹುಚ್ಚು ಬಿಟ್ಟದ್ದು, ಮದುವೆ ಗೊತ್ತಾದದ್ದು, ಎರಡೂ ಒಂದೇ ಮಧ್ಯಾಹ್ನಕ್ಕೆ ಆದವು.

ಮದುವೆ ಮಾಡಿಕೊಂಡು ಸಂತಪುರದಿಂದ ಬರುವಾಗ ಮಾಂಜ್ರಾ ದಾಟುವ ಕುಲುಕಾಟಕ್ಕೆ ಆ ನೆರಿಗೆಯ ಮೂಲೆ ಕಳಚಿತು. ನಾನು ನಿಲ್ಲಿಸಲು ಹೋದೆ. ಬೇಡ, ನಡೆಯಿರಿ ಎಂದಳು. ಹಸಿರು ಬಳೆಯ ಕೈ ಎತ್ತಿ ಆ ಮೂಲೆಯನ್ನು ಹಿಡಿದುಕೊಂಡೇ ಭಾಲ್ಕಿಯ ತನಕ ಬಂದಳು.

ಪಾಟಿ ಪಾಠವೂ ಶುರುವಾಯಿತು. ಅ ಆ ಇ ಈ ಅಲ್ಲ, ಮೊದಲು ಚ, ಛ. ಒಂದಕ್ಕೆ ಹೊಟ್ಟೆ ಸೀಳಬಾರದು, ಒಂದಕ್ಕೆ ಸೀಳಲೇಬೇಕು. ಮೀಸೆ ಬಂದ ಗಂಡಸು ಹೆಂಡತಿಯ ಎದುರು ಪಾಟಿ ಹಿಡಿದು ಕೂತದ್ದನ್ನು ಓಣಿಯವರೆಲ್ಲ ಬಂದು ನೋಡಿಹೋದರು. ಅವ್ವ ನೆಂಟರನ್ನೇ ಕರೆದು ತೋರಿಸುತ್ತಿದ್ದಳು. ಅಕ್ಷರ ಕೂಡಿಸಲು ಬಂದ ಮೇಲೆ ನನ್ನ ಹೆಸರು ಬರೆಯುತ್ತೇನೆ ಎಂದೆ. ಹೆಸರು ಆಮೇಲೆ, ಮೊದಲು ಇದು ಎಂದು ಅವಳು ಬರೆದು ಕೊಟ್ಟ ವಾಕ್ಯ: ನಾನು ಬದುಕಿದ್ದೇನೆ. ನಾನು ತಿದ್ದಿ ತೋರಿಸಿದೆ. ಒತ್ತಕ್ಷರ ಬಿಟ್ಟಿದ್ದೆ. "ದ ಕ್ಕ ಒತ್ತು ಹಾಕ್ರಿ. ಇಲ್ಲಂದ್ರ ಅರ್ಧಾ ಬದುಕಿದಂಗ ಆಗ್ತದ" ಎಂದಳು.

ಆಮೇಲೆ ನಾನು ಮೋಟಾರು ತೆಗೆದುಕೊಂಡು ಔರಾದು, ಉದಗೀರ ಎಂದು ದೂರ ಹೋದಾಗಲೆಲ್ಲ, ಭಾಲ್ಕಿಗೆ ಹೊರಟ ಯಾರದಾದರೂ ಕೈಯಲ್ಲಿ ಒಂದು ತುಂಡು ಕಾಗದ ಕಳಿಸುತ್ತಿದ್ದೆ. ಹೆಸರು ಬರೆಯುವ ಉಸಾಬರಿಗೆ ಹೋಗುತ್ತಿರಲಿಲ್ಲ, ಆ ಒಂದೇ ಸಾಲು. ಅವಳು 'ಬಂತು' ಎಂದು ಕೂಡ ಹೇಳುತ್ತಿರಲಿಲ್ಲ. ತಪ್ಪು ತಿದ್ದಿ, ನಾನು ಬಂದಾಗ ಕೈಗೆ ಕೊಡುತ್ತಿದ್ದಳು.

ಒಮ್ಮೆ ಸಂತಪುರದಿಂದ ನನ್ನ ಅತ್ತೆ ಬಂದಿದ್ದಾಗ ಅಂಥದೊಂದು ಕಾಗದ ಬಂತು. ಅವರಿಗೆ ಓದು ಬರದು. ಏನು ಬರೆದಿದೆ ಎಂದು ಮಗಳನ್ನು ಕೇಳಿದರಂತೆ. ಮಗಳು ಓದಿದಳಂತೆ. ಇನ್ನೊಮ್ಮೆ ಓದು ಎಂದರಂತೆ, ಮತ್ತೆ ಓದಿದಳಂತೆ. ಅತ್ತೆ ಅದನ್ನು ಮಡಿಚಿ, ನನಗೆ ಇರಲಿ ಎಂದು ಸೆರಗಿಗೆ ಗಂಟು ಹಾಕಿಕೊಂಡು ಹೋದರು. ಮುಂದೆ ಸಂತಪುರಕ್ಕೆ ಹೋದಾಗ ನಾನು ನೋಡಿದೆ. ಅದು ಗೋಡೆಯ ಗೂಡಿನಲ್ಲಿ, ಅವರ ಕುಂಕುಮದ ಭರಣಿಯ ಕೆಳಗೆ ಇತ್ತು. ಯಾರ ಹೆಸರೂ ಇಲ್ಲದ ಆ ಸಾಲಿಗೂ ಒತ್ತಕ್ಷರ ಬಿಟ್ಟಿದ್ದೆ. ಅದೊಂದನ್ನು ಮಾತ್ರ ನನ್ನ ಹೆಂಡತಿ ತಿದ್ದಿರಲಿಲ್ಲ.